ಹಾಲಪ್ಪ ಸೈಲೆನ್ಸರ್ ಬಿಚ್ಚಿದ್ದು

ಕತೆ ಕೇಳುವವರು ನಡುನಡುವೆ ಹ್ಞೂಂ ಅನ್ನುತ್ತಿರಬೇಕು. ನಿದ್ದೆ ಬಂದರೂ ಚಿಂತೆಯಿಲ್ಲ, ನಿದ್ದೆಯಲ್ಲೇ ಹ್ಞೂಂ ಅನ್ನಿ.

ಹರಿಹರದಲ್ಲಿ ಕೊಟ್ರವ್ವ ಅಂತ ಒಬ್ಬಳಿದ್ದಳು. ಅವಳಿಗೆ ಹಾಲಪ್ಪ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ಬರುವುದರಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಿಟ್ಟಿನ ಗಿರಣಿಯವರು ಬೇಡ ಅಂದರು, ಮಂಡಕ್ಕಿ ಭಟ್ಟಿಯವರೂ ಬೇಡ ಅಂದರು. ಉಳಿದದ್ದು ಹೊಳೆ ದಂಡೆಯ ಮೇಸ್ತ್ರಿ ಪೀರಾಸಾಬರ ಗ್ಯಾರೇಜು ಒಂದೇ. ಕೊಟ್ರವ್ವ ಹೋಗಿ ಕೈ ಮುಗಿದಳು. ಪೀರಾಸಾಬರು ಮೂಲೆಯಲ್ಲಿ ನಿಂತ ಹಳೇ ಬಿಳಿ ಕಾರು ತೋರಿಸಿ, ಅದರ ತೂತು ಬಿದ್ದ ಸೈಲೆನ್ಸರ್ ಬಿಚ್ಚಿ ಕೆಳಗಿಟ್ಟರೆ ಕೆಲಸ ಖಾಯಂ, ಇಲ್ಲದಿದ್ದರೆ ಇಲ್ಲ ಅಂದರು.

ಹಾಲಪ್ಪ ಕಾರಿನಡಿ ತೂರಿದ. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಪಾನ ಅನ್ನುವ ಸ್ಪ್ಯಾನರ್ ಹಾಕಿ ಮೈಯ ಬಲವೆಲ್ಲ ಬಿಟ್ಟು ತಿರುವಿದ. ಒಂದು ಬೋಲ್ಟಿನ ತಲೆ ಕಿತ್ತು ಕೈಗೆ ಬಂತು.

“ತುಕ್ಕು ಹಿಡಿದದ್ದರ ಕೂಡ ಜೋರು ಮಾಡಬಾರದೋ,” ಅಂತ ಮೇಸ್ತ್ರಿ ಬೈದರು. “ಎಣ್ಣೆ ಬಿಟ್ಟು ಸುಮ್ನೆ ಕುಂದ್ರಬೇಕು. ನೆನೆದು ತಾನೇ ಸಡಿಲಾಗತೈತಿ.”

“ಹಂಗೇ ಮಾಡ್ತೀನ್ರಿ,” ಅಂದ ಹಾಲಪ್ಪ.

ಮಧ್ಯಾಹ್ನ ಮೇಸ್ತ್ರಿ ತಮ್ಮ ಮನೆಯಿಂದ ಬುತ್ತಿ ತರಲು ಕಳಿಸಿದರು. ಹೋದರೆ ಬಾಗಿಲು ಹಾಕಿತ್ತು. ತಳ್ಳಿದ, ಬರಲಿಲ್ಲ. ಜೋರು ಮಾಡಬಾರದಲ್ಲ? ಜೇಬಿನ ಎಣ್ಣೆ ಡಬ್ಬಿ ತೆಗೆದು ಬಾಗಿಲಿಗೆ ಬಿಟ್ಟು ಕಟ್ಟೆ ಮೇಲೆ ಕೂತ. ಹೊಳೆ ಗಾಳಿ ಬೀಸಿತು. ಬೇವಿನ ನೆರಳು ಇತ್ತಿಂದತ್ತ ಸರಿಯಿತು. ಕೂತಲ್ಲೇ ಕಣ್ಣು ಮುಚ್ಚಿದ. ಕನಸಿನಲ್ಲಿ ಬಾಗಿಲು ತಾನೇ ತೆರೆಯಿತು, ಒಳಗೆ ನಡುಮನೆಯಲ್ಲಿ ಹೊಳೆ ಹರಿಯುತ್ತಿತ್ತು. ಎಚ್ಚರಾದಾಗ ಹೊತ್ತು ಇಳಿದಿತ್ತು. ಬರಿಗೈಲಿ ಗ್ಯಾರೇಜಿಗೆ ಮರಳಿದರೆ ಮೇಸ್ತ್ರಿ ಹಸಿದು ಕೆಂಡವಾಗಿದ್ದರು. ಬಾಗಿಲು ಮೆಲ್ಲಗೆ ತಟ್ಟಬೇಕಿತ್ತು, ಅಕ್ಕಾ ಸ್ವಲ್ಪ ಬರ್ರಿ ಅಂತ ಕರೆಯಬೇಕಿತ್ತು ಅಂತ ಬೈದರು.

“ಹಂಗೇ ಮಾಡ್ತೀನ್ರಿ,” ಅಂದ ಹಾಲಪ್ಪ.

ಮರುದಿನ ಕಾರಿನಡಿ ಟಕ್ ಟಕ್ ಸದ್ದು. ಮೇಸ್ತ್ರಿ ಬಗ್ಗಿ ನೋಡಿದರೆ ಹಾಲಪ್ಪ ಸುತ್ತಿಗೆಯಿಂದ ಬೋಲ್ಟನ್ನು ಮೆಲ್ಲಗೆ ತಟ್ಟಿ, “ಅಕ್ಕಾ, ಸ್ವಲ್ಪ ಬರ್ರಿ” ಅನ್ನುತ್ತಿದ್ದ. ತಟ್ಟುವುದು, ಕರೆಯುವುದು, ಕಿವಿಗೊಟ್ಟು ಕಾಯುವುದು.

ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡರು. ಕರೆದರೆ ಬರಲಿಕ್ಕೆ ಅದೇನು ಬೀಗಿತ್ತಿಯೇ? ಬಿಗಿದುಕೊಂಡದ್ದಕ್ಕೆ ಬೆಂಕಿ ಹಿಡಿಯಬೇಕು, ಕಾದರೆ ಬಿಡುತ್ತದೆ ಅಂದರು. ನಾಳೆ ಸಂಜೆಯೊಳಗೆ ಬಿಚ್ಚದಿದ್ದರೆ ಮತ್ತೆ ಈ ಕಡೆ ತಲೆ ಹಾಕಬೇಡ ಅಂತಲೂ ಅಂದರು.

ಮನೆಗೆ ಬಂದರೆ ಕೊಟ್ರವ್ವ ಕೂತಲ್ಲಿಂದ ಏಳಲಾರದೆ ನರಳುತ್ತಿದ್ದಳು. ಮಂಡಿ ಬಿಗಿದುಕೊಂಡಿವೆ ಅಂದಳು. ಅಷ್ಟು ಸಾಕಲ್ಲ? ಹಾಲಪ್ಪ ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡು ಬಂದ. ಏಳಲಾರದ ಕೊಟ್ರವ್ವ ಎದ್ದಳು, ಎದ್ದವಳು ಓಡಿದಳು, ಬೀದಿ ತುದಿಯವರೆಗೂ ಓಡಿದಳು. ತಿರುಗಿ ಬಂದು ಅತ್ತಳು. ತಾನು ಹೋದ ಮೇಲೆ ಇವನಿಗೆ ಅನ್ನ ಹಾಕುವವರು ಯಾರು ಅನ್ನುವ ದುಃಖ ಅದು. ಕಣ್ಣೊರೆಸಿಕೊಂಡು ನಿಧಾನಕ್ಕೆ ಹೇಳಿದಳು.

“ಮೊದಲು ಎಣ್ಣೆ ಹಚ್ಚಿ ನೆನೆಯಾಕ ಬಿಡಬೇಕಪ್ಪ. ಆಮೇಲೆ ಮೆಲ್ಲಗೆ ತಟ್ಟಬೇಕು. ಆಮೇಲೆ ಶಾಖ ಕೊಡಬೇಕು. ಬಿಗಿ ಬಿಟ್ಟ ಮೇಲೆ ಗಾಳಿಗೆ ಬಿಡಬಾರದು, ಕಂಬಳಿ ಹೊದಿಸಿ ಮಲಗಿಸಬೇಕು. ನಿನ್ನನ್ನೂ ಹಂಗೇ ಸಾಕಿದ್ದು.”

“ಹಂಗೇ ಮಾಡ್ತೀನವ್ವ.”

ಮರುದಿನ ಬೋಲ್ಟುಗಳಿಗೆ ಎಣ್ಣೆ ಬಿಟ್ಟ. ಅವು ನೆನೆಯುವಷ್ಟು ಹೊತ್ತು ತಾನೂ ಕಾರಿನಡಿಯೇ ಒಂದು ನಿದ್ದೆ ತೆಗೆದ. ಎದ್ದು ಮೆಲ್ಲಗೆ ತಟ್ಟಿದ, ಗ್ಯಾಸಿನ ಬೆಂಕಿ ಹಿಡಿದ. ಪಾನ ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು.

ಸಂಜೆ ಚಹಾ ಕುಡಿದು ಬಂದ ಮೇಸ್ತ್ರಿ ನೋಡುತ್ತಾರೆ, ಕಾರಿನಡಿ ಸೈಲೆನ್ಸರ್ ಇಲ್ಲ. ಬೋಲ್ಟುಗಳು ತಟ್ಟೆಯಲ್ಲಿವೆ. ಕೊಟ್ರವ್ವನಿಗೆ ಈಗಲೇ ಹೇಳಿ ಕಳಿಸಬೇಕು ಅನ್ನುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಉಣ್ಣೆ ಸುಟ್ಟ ವಾಸನೆ ಬಂತು. ಮೂಲೆಯ ಚಾಪೆ ಮೇಲೆ, ಕೊಟ್ರವ್ವನ ಕರಿ ಕಂಬಳಿಯೊಳಗೆ ಏನೋ ಉದ್ದಕ್ಕೆ ಮಲಗಿತ್ತು. ಕಂಬಳಿಯಿಂದ ಹೊಗೆ ಏಳುತ್ತಿತ್ತು. ಪಕ್ಕದಲ್ಲಿ ಹಾಲಪ್ಪ ಕೂತು ಲಾಲಿ ಗುನುಗುತ್ತಿದ್ದ.

ಮೇಸ್ತ್ರಿ ಗುಡುಗಲು ಬಾಯಿ ತೆಗೆದರು. ಹಾಲಪ್ಪ ತುಟಿಯ ಮೇಲೆ ಬೆರಳಿಟ್ಟ.

“ಸದ್ದು ಮಾಡಬ್ಯಾಡ್ರಿ ಮೇಸ್ತ್ರಿ. ಈಗಷ್ಟೇ ಕಣ್ಣು ಮುಚ್ಚೇತಿ.”

ಪೀರಾಸಾಬರು ನೀರಿನ ಕೊಡ ಎತ್ತಿಕೊಂಡು ತುದಿಗಾಲಿನಲ್ಲಿ ಬಂದರು. ಬಾಯಿಗೆ ಬಂದದ್ದನ್ನೆಲ್ಲ ಬೈದರು, ಪಿಸುಮಾತಿನಲ್ಲಿ. ಕೊನೆಗೆ, ನಾಳೆ ಬೇಗ ಬಾ, ಕಂಬಳಿ ಮಾತ್ರ ತರಬೇಡ ಅಂದರು. ಅದೂ ಪಿಸುಮಾತಿನಲ್ಲೇ.