ಹುಳುವಿನ ಹೊಟ್ಟೆಯ ಮೇಲಿನ ಹೆಸರು

"ಬಾವಿಗೆ ಮೆಟ್ಟಿಲು ಕಟ್ಟಿದವನು ನಾನು. ಜನ ಕೈಮುಗಿಯುವುದು ಕಲ್ಲು ಕೊಡಿಸಿದ ಸಾಹುಕಾರರಿಗೆ. ಇದು ಯಾವ ನ್ಯಾಯ, ಗುರುಗಳೇ?" ಎಂದು ಶಿಷ್ಯ ಮಲ್ಲೇಶಿ ಕೇಳಿದ. ಸುತ್ತ ಏಳು ಹಳ್ಳಿಯಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎಂದೂ ಸೇರಿಸಿದ.

ಗುರುಗಳು ನಕ್ಕರು. "ಒಂದು ಕತೆ ಹೇಳುತ್ತೇನೆ. ಕೊನೆಯವರೆಗೂ ನಂಬದೆ ಕೂತಿರು ನೋಡೋಣ, ಆಗ ನೀನು ಗಟ್ಟಿಗನೆಂದು ಒಪ್ಪುತ್ತೇನೆ."

ಬಹಳ ಹಿಂದೆ ಈಜಿಪ್ಟಿನಲ್ಲಿ ಒಬ್ಬ ಶಿಲ್ಪಿಯಿದ್ದ. ಹಳ್ಳಿಯಲ್ಲಿ ಬೆಳೆದವನು, ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. ಬಳಪದ ಕಲ್ಲಿನಲ್ಲಿ ಹೆಬ್ಬೆರಳ ಗಾತ್ರದ ಸಗಣಿಹುಳು ಕಡೆದು ತಾಯಿತ ಮಾಡುವುದು ಅವನ ಕಸುಬು. ಸಗಣಿ ಉರುಳಿಸುವ ಆ ಹುಳುವೇ ಸೂರ್ಯನನ್ನೂ ಉರುಳಿಸುತ್ತದೆಂದು ಆ ನಾಡಿನವರು ನಂಬಿದ್ದರು. ಹುಳುವಿನ ಹೊಟ್ಟೆಯ ಮೇಲೆ ರಾಜನ ಹೆಸರು ಕೆತ್ತಬೇಕು. ಆ ಹೆಸರು ಕೊರಳಲ್ಲಿದ್ದರೆ ಸಾವು ಹತ್ತಿರ ಸುಳಿಯದು ಎಂಬುದು ಮಾತು. ಬದುಕಿ ಬಂದವರೆಲ್ಲ ರಾಜನನ್ನು ಹರಸುತ್ತಿದ್ದರು. ಉಳಿಯನ್ನೇ ಕಾಣದ ರಾಜನಿಗೆ ಈ ಹರಕೆ ಯಾಕೆ ಎಂದು ಶಿಲ್ಪಿಗೆ ಹೊಟ್ಟೆಯುರಿ.

ಒಂದು ದಿನ ನೇಕಾರ ಹೆಂಗಸೊಬ್ಬಳು ಬಂದಳು. ಅವಳ ಒಬ್ಬನೇ ಮಗನನ್ನು ಮರುಭೂಮಿಯ ಗಣಿಗೆ ಕರೆದೊಯ್ಯುತ್ತಿದ್ದರು. ಅಲ್ಲಿಗೆ ಹತ್ತು ಜನ ಹೋದರೆ ಆರು ಜನ ತಿರುಗಿ ಬಂದರೆ ಹೆಚ್ಚು. ಅವಳಿಗೆ ಓದು ಬಾರದು. ಶಿಲ್ಪಿ ರಾಜನ ಹೆಸರಿನ ಜಾಗದಲ್ಲಿ ತನ್ನ ಹೆಸರು ಕೆತ್ತಿ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋಗಿ ಮಗನ ಕೊರಳಿಗೆ ಕಟ್ಟಿದಳು.

ಮೂರು ದಿನ ಶಿಲ್ಪಿ ಎದೆಯುಬ್ಬಿಸಿ ತಿರುಗಿದ. ನಾಲ್ಕನೆಯ ದಿನ ಊಟದ ನಡುವೆಯೇ ಎದ್ದುಬಿಟ್ಟ. ಕೊರಳಲ್ಲಿ ರಾಜನ ಹೆಸರಿದ್ದಿದ್ದರೆ ಅದು ರಾಜನ ಪಾಡು. ಈಗ ಆ ಹುಡುಗನನ್ನು ಕಾಯಬೇಕಾದವನು ತಾನೇ. ನೀರಿನ ತೊಗಲಚೀಲ, ಒಂದು ಗಂಟು ಖರ್ಜೂರ ಹಿಡಿದುಕೊಂಡು, ಗಣಿಗೆ ಸಾಮಾನು ಹೇರಿಕೊಂಡು ಹೊರಟಿದ್ದ ಕತ್ತೆಯವನ ಹತ್ತಿರ ಓಡಿದ. ತಾನು ಮಾಡಿದ ತಾಯಿತ ಕಟ್ಟಿಕೊಂಡವನಿಗೆ ಇದನ್ನು ಮುಟ್ಟಿಸು ಎಂದ.

"ಅಲ್ಲಿ ಮುನ್ನೂರು ಕೊರಳಿಗೂ ತಾಯಿತವಿದೆ ಮಾರಾಯ. ಹುಡುಗನ ಹೆಸರು ಹೇಳು," ಎಂದು ಕತ್ತೆಯವನು ನಕ್ಕ.

ಶಿಲ್ಪಿಗೆ ಅದು ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ತಲೆ ತಗ್ಗಿಸಿ ನೇಕಾರ ಹೆಂಗಸಿನ ಮನೆಗೆ ಹೋಗಿ ಕೇಳಿದ. ಪಸೇರ್ ಎಂದಳು. ಅಂದಿನಿಂದ ಗಣಿಗೆ ಹೋಗುವ ಪ್ರತಿ ಕತ್ತೆಸಾಲಿನಲ್ಲೂ ಪಸೇರನಿಗೆಂದು ನೀರು, ಖರ್ಜೂರ ಹೋದವು. ಬರುವ ಪ್ರತಿ ಸಾಲನ್ನೂ ಊರ ಹೊರಗೇ ತಡೆದು ಅವನು ಪಸೇರನನ್ನು ವಿಚಾರಿಸಿದ. ನಡುವೆ ಜ್ವರವೆಂದು ಸುದ್ದಿ ಬಂತು. ಮದ್ದಿನ ಬೇರು ಕಳಿಸಿದ. ವರ್ಷ ತುಂಬಿದ ಮೇಲೆ ಪಸೇರ್ ಬಂದ. ಕಡ್ಡಿಯಂತಾಗಿದ್ದ, ಆದರೆ ತನ್ನ ಕಾಲ ಮೇಲೆ ನಡೆದು ಬಂದ.

ಮರುದಿನ ತಾಯಿ ಅಂಗಡಿಗೆ ಬಂದಳು. ಗುಟ್ಟು ಬಯಲಾಯಿತೆಂದು ಶಿಲ್ಪಿ ಉಳಿ ಕೆಳಗಿಟ್ಟು ಎದ್ದು ನಿಂತ.

"ರಾಜನ ಹೆಸರು ಮುನ್ನೂರು ಕೊರಳಲ್ಲಿತ್ತಂತೆ, ತಮ್ಮಾ," ಎಂದಳು ಅವಳು. "ನನ್ನ ಮಗನ ಹೆಸರು ಹಿಡಿದು ಕೇಳಿದವನು ನೀನೊಬ್ಬನೇ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಗಲಾದರೂ ತಾಯಿತದ ಮೇಲಿದ್ದದ್ದು ತನ್ನ ಹೆಸರೆಂದು ಅವನು ಹೇಳಿಕೊಂಡನೇ ಎಂದು, ನಂಬದೆ ಕೂತಿರಬೇಕಿದ್ದ ಮಲ್ಲೇಶಿ ತಡೆಯಲಾರದೆ ಕೇಳಿದ.

"ಇಲ್ಲ, ಆಕೆ ಒಂದು ಬಿಸಿ ರೊಟ್ಟಿ ಕೊಟ್ಟಳು, ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ."