ಎಲ್ಲಕ್ಕೂ ಹೌದು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಮೃಡದೇವ ಗುರುಗಳು ಊರವರ ಮನೆಗಳಲ್ಲಿದ್ದ ಹಳೆಯ ತಾಳೆಗರಿಗಳನ್ನು ತರಿಸಿ, ಶಿಷ್ಯರಿಂದ ಫೋಟೊ ತೆಗೆಸಿ ಕಂಪ್ಯೂಟರಿನಲ್ಲಿ ಕಾಪಿಡಿಸುತ್ತಿದ್ದರು.

ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಗುರುಗಳೇ ಬರೆದಿದ್ದರು. ಒಂದೊಂದು ಗರಿಯ ಫೋಟೊ ಆದಾಗಲೂ ಅದು ನಿಂತು ಕೇಳುತ್ತಿತ್ತು: ಎರಡೂ ಬದಿ ಬಂದವೇ? ಅಕ್ಷರ ಓದಲು ಬರುತ್ತದೆಯೇ? ಹೌದು ಎಂದು ಒತ್ತಿದರಷ್ಟೇ ಮುಂದಿನ ಗರಿ.

ಶಿಷ್ಯ ಬಸವಂತನಿಗೆ ಇದು ಸಾಕುಸಾಕಾಯಿತು. ಪ್ರೋಗ್ರಾಮನ್ನು ಶುರು ಮಾಡುವ ಆಜ್ಞೆಯ ಸಾಲಿನಲ್ಲೇ ‘ಎಲ್ಲಕ್ಕೂ ಹೌದು’ ಎಂದು ಬರೆದುಕೊಟ್ಟರೆ ಅದು ಮತ್ತೆ ಏನನ್ನೂ ಕೇಳದ ಹಾಗೆ ತಿದ್ದಿದ. ವಾರದ ಕೆಲಸ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಉಳಿದ ಶಿಷ್ಯರು ಬೆನ್ನು ತಟ್ಟಿದರು. ಅವನೂ ಹಿಗ್ಗಿದ.

ಆ ಮಧ್ಯಾಹ್ನ ಮುಗಿದದ್ದು ಊರಿನ ನೀಲವ್ವನ ಮನೆಯಿಂದ ಬಂದ ಗರಿಗಳ ಕಟ್ಟು. ಆಕೆಯ ಮುತ್ತಜ್ಜ ದನಗಳಿಗೆ ಮದ್ದು ಕೊಡುತ್ತಿದ್ದವರು. ತಿಳಿದದ್ದನ್ನೆಲ್ಲ ಆ ಗರಿಗಳ ಮೇಲೆ ಕೊರೆದಿಟ್ಟು ಹೋಗಿದ್ದರು. ಗರಿಗಳು ಹುಳು ತಿಂದು ಪುಡಿಯಾಗುತ್ತಿದ್ದವು. ಫೋಟೊ ಆಯಿತಲ್ಲ ಎಂಬ ಧೈರ್ಯದ ಮೇಲೆ ನೀಲವ್ವ ಅವನ್ನು ಮಠದಿಂದ ಮರಳಿ ಒಯ್ದು, ಪೂಜೆ ಮಾಡಿ ಹೊಳೆಗೆ ಬಿಟ್ಟಳು.

ಎಂಟು ದಿನ ಬಿಟ್ಟು ಗುರುಗಳು ಆ ಫೋಟೊಗಳನ್ನು ಓದಲು ಕೂತರು. ನಲವತ್ತೊಂದು ಗರಿಗಳ ಹಿಂಬದಿ ಬರೀ ಮಸುಕು.

ಗುರುಗಳು ಬೈಯಲಿಲ್ಲ. ನೀನೇ ಹೋಗಿ ಆಕೆಗೆ ಹೇಳಿ ಬಾ ಎಂದರು, ಅಷ್ಟೇ.

ಬಸವಂತ ಹೋದ. ನೀಲವ್ವ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಅವನು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ಆಕೆ ಕೇಳಿದ್ದು ಒಂದೇ ಮಾತು.

“ಅದರಾಗ ಏನ್ ಬರ್ದಿತ್ತು, ತಮ್ಮಾ?”

ಅಷ್ಟೂ ಗರಿಗಳನ್ನು ತನ್ನ ಕೈಯಾರೆ ಎತ್ತಿ ಇಟ್ಟವನು ಅವನು. ಒಂದು ಸಾಲನ್ನೂ ನೋಡಿರಲಿಲ್ಲ. ಮಜ್ಜಿಗೆಯನ್ನು ಅಲ್ಲೇ ಬಿಟ್ಟು ಎದ್ದ.

ಮಠಕ್ಕೆ ಬಂದವನೇ ಗುರುಗಳ ಎದುರಿಗೆ ಕೂತು, ಪ್ರೋಗ್ರಾಮಿಗೆ ತಾನು ಸೇರಿಸಿದ್ದನ್ನೆಲ್ಲ ಅಳಿಸಿದ.

“ಗುರುಗಳೇ, ಇನ್ನು ಇದು ಒಂದೊಂದು ಗರಿಗೂ ಕೇಳುತ್ತದೆ.”

“ಮೊದಲು ಕೇಳುತ್ತಿದ್ದಾಗ ನೋಡುತ್ತಿದ್ದೆಯಾ?”

ಹೌದು ಎನ್ನುವ ಮಾತು ಬಸವಂತನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

“ಇಲ್ಲ. ಒಂದು ತಿಂಗಳಿಂದ ನೋಡದೆಯೇ ಒತ್ತುತ್ತಿದ್ದೆ. ಬೆರಳು ಸೋತಿತೆಂದು ಈಗ ಅಳಿಸಿದ್ದನ್ನು ಬರೆದೆ.”

ಗುರುಗಳು ಎದ್ದು ಒಳಗೆ ಹೋದರು. ಆ ತಿಂಗಳ ಉಳಿದ ಕಟ್ಟುಗಳು ಇನ್ನೂ ಮಠದಲ್ಲೇ ಇದ್ದವು. ಒಂದೊಂದಾಗಿ ತಂದು ಅವನ ಮುಂದಿಟ್ಟರು.

ಬಸವಂತ ಗರಿ ಗರಿಯನ್ನೂ ಬೆಳಕಿಗೆ ಹಿಡಿದು, ಎರಡೂ ಬದಿ ಓದಿ, ಫೋಟೊದೊಂದಿಗೆ ತಾಳೆ ನೋಡಿದ. ಕೆಟ್ಟವನ್ನು ಮತ್ತೆ ತೆಗೆದ. ಹದಿನೇಳು ದಿನ ಹಿಡಿಯಿತು.

ಹದಿನೆಂಟನೆಯ ದಿನ ಗುರುಗಳು ಬಂದು ಪಕ್ಕದಲ್ಲಿ ಕೂತರು. ಅಳಿಸಿದ್ದನ್ನು ಮತ್ತೆ ಬರೆಯಲು ಹೇಳಿದರು.

“ಇಷ್ಟೆಲ್ಲ ಆದ ಮೇಲೂ, ಗುರುಗಳೇ?”

“ಎಲ್ಲ ಗರಿ ನೋಡಿ ಮುಗಿಸಿಯೇ ಹೌದು ಎನ್ನುವವನನ್ನು ಮತ್ತೆ ಮತ್ತೆ ಯಾಕೆ ಕೇಳಬೇಕು?”