ಒಂದು ಸಂಜೆಗೆ ಕೊಟ್ಟ ಕುರ್ಚಿ

ಶಿಷ್ಯ ಕೇಳಿದ: "ಗುರುಗಳೇ, ಜರ್ಮನಿಯವರು ಓದಿದ ಜನ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ನಾನಾ ಬಣ್ಣದ ಪಕ್ಷಗಳಿದ್ದವು. ಅವೆಲ್ಲ ಇದ್ದೂ ದೇಶ ಒಂದೇ ಪಕ್ಷದ ಬಾಯಿಗೆ ಬಿದ್ದದ್ದು ಹೇಗೆ? ಹೊಟ್ಟೆಗಿಲ್ಲದೆ ಹೋದದ್ದಕ್ಕೇ?"

"ಹೊಟ್ಟೆ ತುಂಬಿದವನು ಕೇಳುವ ಪ್ರಶ್ನೆ ಕಣಯ್ಯಾ ಇದು," ಎಂದರು ಗುರು. "ಕೇಳಿದ್ದೀಯ, ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಆ ದೇಶದ ಒಂದು ಊರಿನಲ್ಲಿ ಒಂದು ಬಿಯರ್ ಅಂಗಡಿ. ಅಲ್ಲಿ ಒಂದು ದುಂಡು ಮೇಜು, ಸುತ್ತ ನಾಲ್ಕು ಕುರ್ಚಿ. ಒಬ್ಬ ವ್ಯಾಪಾರಿ, ಒಬ್ಬ ಪಾದ್ರಿ, ಒಬ್ಬ ಗಾರೆಯವನು, ಒಬ್ಬ ಯೆಹೂದಿ ಗಡಿಯಾರದವನು. ಅವರವರ ಕುರ್ಚಿ ಅವರವರಿಗೆ. ಹೊರಗಿನವರು ಅಲ್ಲಿ ಕೂರುವ ಹಾಗಿಲ್ಲ. ಊರಿನ ಯಾವ ಮಾತೇ ಬಂದರೂ ಅಲ್ಲೇ ಜಗಳವಾಡಿ, ಕೈ ಎತ್ತಿ ತೀರ್ಮಾನ ಮಾಡುವರು. ಕೈ ಸಮಸಮ ಬಂದರೆ ಇದ್ದದ್ದು ಇದ್ದ ಹಾಗೆ. ಯಾರಿಗಾದರೂ ಬರಲಾಗದಿದ್ದರೆ ಬೇರೊಬ್ಬನನ್ನು ತನ್ನ ಕುರ್ಚಿಯಲ್ಲಿ ಕೂರಿಸಬಹುದು. ಆ ಸಂಜೆ ಅವನು ಎತ್ತಿದ ಕೈಯೇ ಕುರ್ಚಿಯವನ ಕೈ. ಒಳ್ಳೆಯ ನಿಯಮವೆಂದೇ ಎಲ್ಲರೂ ತಿಳಿದಿದ್ದರು.

ಮೊದಲು ದುಡ್ಡು ಸತ್ತಿತು. ಪಾಪ, ವ್ಯಾಪಾರಿ ಜೀವಮಾನವೆಲ್ಲ ಕೂಡಿಟ್ಟದ್ದು ಒಂದು ರೊಟ್ಟಿಗೆ ಸಾಲದೆ ಹೋಯಿತು. ಆಮೇಲೆ ಕೆಲವು ವರ್ಷ ನೆಟ್ಟಗಿತ್ತು. ಅಷ್ಟರಲ್ಲಿ ಸಮುದ್ರದಾಚೆ ಎಲ್ಲೋ ಷೇರುಪೇಟೆ ಕುಸಿಯಿತು, ಇಲ್ಲಿ ಗಿರಣಿಗಳ ಹೊಗೆ ನಿಂತಿತು. ಕೆಲಸ ಹೋದವರಿಗೆಂದು ಮೇಜಿನವರು ಒಂದು ಡಬ್ಬಿ ಇಟ್ಟಿದ್ದರು. ಅದೂ ಬರಿದಾಯಿತು. "ಇನ್ನಷ್ಟು ಹಾಕಿ," ಎಂದ ಗಾರೆಯವನು. "ಎಲ್ಲಿಂದ ತರಲಿ? ಕೊಡುವುದನ್ನೇ ಕಡಿಮೆ ಮಾಡಿ," ಎಂದ ವ್ಯಾಪಾರಿ. ಒಂದು ಚಿಟಿಕೆ ಹೆಚ್ಚು ಕಡಿಮೆಗಾಗಿ ಇಬ್ಬರೂ ಮುಖ ಮುರಿದುಕೊಂಡು ಎದ್ದು ಹೋದರು. ಎಂಥ ಸಣ್ಣತನ, ನೋಡು! ಪಾದ್ರಿಯೂ ಬರುವುದನ್ನು ಬಿಟ್ಟ. ಗಡಿಯಾರದವನೊಬ್ಬನೇ ಉಳಿದ.

ಬಾಗಿಲ ಬಳಿ ಒಬ್ಬ ಪರಸ್ಥಳದವನು ವರ್ಷಗಳಿಂದ ಬಂದು ಕೂರುತ್ತಿದ್ದ. ಒಳ್ಳೆಯ ಕಾಲದಲ್ಲಿ ಅವನನ್ನು ಯಾರೂ ಮಾತನಾಡಿಸಿರಲಿಲ್ಲ. ಈಗ ಅವನು ವ್ಯಾಪಾರಿಯ ಮನೆಗೆ ಬಿಸಿ ಸಾರು ಕೊಂಡುಹೋಗಿ, "ನಿಮ್ಮ ಕುರ್ಚಿ ಸುಮ್ಮನೆ ಬಿದ್ದಿದೆಯಲ್ಲ?" ಎಂದ. "ಒಂದು ಸಂಜೆ ಕೂತುಕೋ. ಆ ಗಾರೆಯವನಿಗೆ ಬುದ್ಧಿ ಬರಲಿ," ಎಂದ ವ್ಯಾಪಾರಿ. ಪಾದ್ರಿ, ತನ್ನ ಇಗರ್ಜಿಯ ತಂಟೆಗೆ ಬರಬಾರದೆಂದು ಮಾತು ತೆಗೆದುಕೊಂಡು ತನ್ನ ಕುರ್ಚಿಯನ್ನೂ ಕೊಟ್ಟ. ಗಾರೆಯವನು ಮಾತ್ರ ಅವನನ್ನು ಬಾಗಿಲಿನಿಂದಲೇ ಅಟ್ಟಿದ.

ಆ ಸಂಜೆ ಅಂಗಡಿಯವನು ಬಿಯರ್ ತಂದ. ವ್ಯಾಪಾರಿಯ ಕುರ್ಚಿಯಲ್ಲಿ ಪರಸ್ಥಳದವನಿದ್ದ. ಪಾದ್ರಿಯ ಕುರ್ಚಿಯಲ್ಲೂ ಅವನೇ ಇದ್ದ. ಇಬ್ಬರೂ ಒಟ್ಟಿಗೆ ಲೋಟ ಎತ್ತಿದರು, ಒಟ್ಟಿಗೆ ಇಳಿಸಿದರು. ಸದ್ದು ಒಂದೇ ಕೇಳಿಸಿತು. ಅಂಗಡಿಯವನು ಹೇಳಿಕಳಿಸಲು ವ್ಯಾಪಾರಿ ಓಡಿಬಂದು, "ಏಳಪ್ಪಾ, ಇದು ನನ್ನ ಕುರ್ಚಿ," ಎಂದ. ಕೂತವನು ಈ ಕಡೆ ತಿರುಗಿದ. ಮುಖ ವ್ಯಾಪಾರಿಯದೇ, ದನಿಯೂ ವ್ಯಾಪಾರಿಯದೇ. "ನಾನು ಕೂತೇ ಇದ್ದೇನಲ್ಲ. ನೀನು ಯಾರು?" ವ್ಯಾಪಾರಿ ತನ್ನ ಮುಖವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಹೊರಗೆ ಹೋದ.

"ಗಡಿಯಾರದವನು ಈ ಮೇಜಿಗೂ ಬೇಡ, ಈ ಊರಿಗೂ ಬೇಡ," ಎಂದವು ಎರಡು ಬಾಯಿ. ಎರಡು ಕೈ ಮೇಲೆದ್ದವು. ಗಡಿಯಾರದವನು ಕಿಟಕಿಯ ಬಳಿಗೆ ಓಡಿದ. ಹೊರಗೆ ಹಿಮದಲ್ಲಿ ಗಾರೆಯವನು ನಿಂತು ನೋಡುತ್ತಿದ್ದ.

"ಒಳಗೆ ಬಾ ಮಾರಾಯ! ನಿನ್ನದೊಂದು ಕೈ ಸೇರಿದರೆ ಸಮಸಮ. ನಾನು ಉಳಿದುಕೊಳ್ಳುತ್ತೇನೆ."

"ವ್ಯಾಪಾರಿಯ ಜೊತೆ ಕೂತ ಮೇಜು ಹಾಳಾಗಿ ಹೋಗಲಿ. ಇದು ಬಿದ್ದ ಮೇಲೆ ನಾನು ಹೊಸದನ್ನೇ ಕಟ್ಟುತ್ತೇನೆ," ಎಂದು ಗಾರೆಯವನು ಬೆನ್ನು ತಿರುಗಿಸಿದ.

"ನಿಯಮದ ಪ್ರಕಾರವೇ ಆಯಿತಲ್ಲ?" ಎಂದು ಕೂತವರು ಕೇಳಿದರು. ಗಡಿಯಾರದವನು ಟೋಪಿ ಎತ್ತಿಕೊಂಡು ಹೊರಟ. ಮರುದಿನ ಅವನ ಅಂಗಡಿಯಲ್ಲಿ ಗಡಿಯಾರಗಳೆಲ್ಲ ನಡೆಯುತ್ತಲೇ ಇದ್ದವು, ಅವನಿರಲಿಲ್ಲ. ಸಂಜೆ ನಾಲ್ಕು ಕುರ್ಚಿಯಲ್ಲೂ ಆ ಒಬ್ಬನೇ ಕೂತಿದ್ದ. ಗಾರೆಯವನ ಕುರ್ಚಿಯನ್ನು ಅವನು ಯಾರನ್ನೂ ಕೇಳಿರಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ನನಗೆ ಎಷ್ಟೇ ಹಸಿವಾಗಿದ್ದರೂ ಅಂಥವನಿಗೆ ಕುರ್ಚಿ ಕೊಡುತ್ತಿರಲಿಲ್ಲ, ಗುರುಗಳೇ!"

ಗುರು ಹೇಳಿದರು:

"ಗಾರೆಯವನೂ ಕೊಡಲಿಲ್ಲ ಕಣಯ್ಯಾ."